ಹಾಯಿ ಬಿಚ್ಚಿದವರ ಋಣ

ಮ್ಯಾಥ್ಯೂ ಫ್ಲಿಂಡರ್ಸ್ ಆಸ್ಟ್ರೇಲಿಯಾ ಖಂಡವನ್ನು ಸುತ್ತಿ ಅದರ ಕರಾವಳಿಯ ನಕ್ಷೆ ಬರೆದ ನೌಕಾಧಿಕಾರಿ. ಇಂಗ್ಲೆಂಡಿಗೆ ಮರಳುವ ದಾರಿಯಲ್ಲಿ 1803ರ ಡಿಸೆಂಬರಿನಲ್ಲಿ ಮಾರಿಷಸ್ ದ್ವೀಪಕ್ಕೆ ಬಂದಾಗ ಅಲ್ಲಿನ ಫ್ರೆಂಚ್ ಗವರ್ನರ್ ಅವನನ್ನು ಗೂಢಚಾರನೆಂದು ಶಂಕಿಸಿ ಹಿಡಿದಿಟ್ಟ. ಬಿಡುಗಡೆಯಾದದ್ದು 1810ರಲ್ಲಿ. ಆ ಸೆರೆಯ ವರ್ಷಗಳಲ್ಲಿ ಅವನು ಬರೆದದ್ದರಲ್ಲಿ ಒಂದು ಪುಟ್ಟ ಬರಹ ತನ್ನ ಬೆಕ್ಕಿನ ಕುರಿತದ್ದು. ಟ್ರಿಮ್ ಎಂಬ ಆ ಕರಿಬೆಕ್ಕು 1799ರಲ್ಲಿ ಹಡಗಿನಲ್ಲೇ ಹುಟ್ಟಿತ್ತು. ಮರಿಯಾಗಿದ್ದಾಗ ಸಮುದ್ರಕ್ಕೆ ಬಿದ್ದು, ಈಜಿ ಬಂದು, ಮೇಲಿನಿಂದ ಬಿಟ್ಟ ಹಗ್ಗ ಹಿಡಿದು ಹತ್ತಿಕೊಂಡಿತ್ತು. ಅವನ ಜತೆ ಆಸ್ಟ್ರೇಲಿಯಾ ಸುತ್ತಿತು, ಹಡಗು ಹವಳದ ದಿಬ್ಬಕ್ಕೆ ಬಡಿದು ಒಡೆದಾಗಲೂ ಬದುಕಿ ಉಳಿಯಿತು, ಕೊನೆಗೆ ಮಾರಿಷಸ್‌ನಲ್ಲಿ ಕಾಣೆಯಾಯಿತು. ಹಸಿದ ಯಾರೋ ಅದನ್ನು ತಿಂದಿರಬೇಕೆಂದು ಫ್ಲಿಂಡರ್ಸ್ ಶಂಕಿಸಿದ. ಒಂದು ಖಂಡದ ಅಂಚನ್ನು ಅಳೆದು ಬಂದವನು ಸೆರೆಯಲ್ಲಿ ಕೂತು, ಕಳೆದುಹೋದ ಬೆಕ್ಕಿಗಾಗಿ ಪುಟಗಟ್ಟಲೆ ಬರೆದ. ಅವನು ಸತ್ತು ಒಂದೂವರೆ ಶತಮಾನ ಕಳೆದ ಮೇಲೆ, 1970ರ ದಶಕದಲ್ಲಿ, ಆ ಬರಹ ಅಚ್ಚಾಯಿತು.

ಅಲೆದಾಟದ ಬದುಕಿನ ಬಗ್ಗೆ ಯೋಚಿಸುವಾಗ ನನಗೆ ಈ ಬರಹ ಬಹಳ ಮುಖ್ಯವೆನಿಸುತ್ತದೆ. ಹಾಯಿದೋಣಿಯಲ್ಲಿ ಬಂದರಿನಿಂದ ಬಂದರಿಗೆ ಸಾಗುತ್ತ, ನಾಯಿಯನ್ನೋ ಬೆಕ್ಕನ್ನೋ ಜತೆಗಿಟ್ಟುಕೊಂಡು, ಕಂಡದ್ದನ್ನು ಬರೆಯುತ್ತ ಬದುಕುವ ಚಿತ್ರಕ್ಕೆ ಇವತ್ತು ದೊಡ್ಡ ಸೆಳೆತವಿದೆ. ಕೆಲಸ ಬಿಟ್ಟು, ಮನೆ ಮಾರಿ, ದೋಣಿ ಕೊಂಡು ಹೊರಟ ದಂಪತಿಗಳ ವಿಡಿಯೊಗಳನ್ನು ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ನೋಡುವ ತರುಣ ತರುಣಿಯರನ್ನು ನಾನು ಬಲ್ಲೆ. ಅವರ ಆಸೆಯನ್ನು ಹಗುರವಾಗಿ ಕಾಣಲಾರೆ. ಆದರೆ ಆ ಬದುಕನ್ನು ಬಿಡುಗಡೆ ಎಂದು ಕರೆಯುವುದು ತಪ್ಪು ಎಂಬುದು ನನ್ನ ವಾದ. ನೆಲದ ಮೇಲೆ ಸಂಬಳ, ಮುನ್ಸಿಪಾಲಿಟಿ, ನೆರೆಹೊರೆ, ಆಸ್ಪತ್ರೆ ಎಲ್ಲ ಸೇರಿ ಹಂಚಿಕೊಂಡಿದ್ದ ಹೊಣೆಯನ್ನು ದೋಣಿ ಹತ್ತಿದವರು ತಾವೇ ಹೆಗಲಿಗೆ ಎಳೆದುಕೊಳ್ಳುತ್ತಾರೆ. ಆ ಹೊಣೆಯನ್ನು ಹೇಗೆ ಹೊತ್ತರು ಎಂಬುದರ ಮೇಲೆ ಅವರ ಅಲೆದಾಟದ ಬೆಲೆ ನಿಂತಿದೆ. ಇದನ್ನು ಪರೀಕ್ಷಿಸಲು ಎರಡು ಜಾಗಗಳಿವೆ: ಜತೆಗೆ ಕರೆದೊಯ್ದ ಪ್ರಾಣಿ ಮತ್ತು ಬರೆದಿಟ್ಟ ಪುಟ.

ಮೊದಲು ಬಿಡುಗಡೆಯ ಮಾತು. ಒಂಟಿಯಾಗಿ ಭೂಮಿ ಸುತ್ತಿದ ಮೊದಲಿಗ ಜೋಶುವಾ ಸ್ಲೋಕಮ್. ಕೆನಡಾದ ನೋವಾ ಸ್ಕೋಶಿಯಾದಲ್ಲಿ ಹುಟ್ಟಿ, ಹಾಯಿ ಹಡಗುಗಳ ಕಪ್ತಾನನಾಗಿ ಬೆಳೆದವನು. ಅವನು ಎಲ್ಲವನ್ನೂ ತ್ಯಜಿಸಿ ಹೊರಟ ವಿರಾಗಿ ಎಂದು ಬಣ್ಣಿಸುವವರು ಒಂದು ಸಂಗತಿಯನ್ನು ಮರೆಯುತ್ತಾರೆ. ಉಗಿಹಡಗುಗಳು ಬಂದು ಅವನ ಕಸುಬನ್ನೇ ಕಿತ್ತುಕೊಂಡಿದ್ದವು. ಸ್ವಂತ ಹಡಗು ಬ್ರೆಜಿಲ್ ತೀರದಲ್ಲಿ ಒಡೆದುಹೋಗಿತ್ತು, ಮೊದಲ ಹೆಂಡತಿ ತೀರಿಕೊಂಡಿದ್ದಳು, ಐವತ್ತರ ಹತ್ತಿರ ಬಂದ ಕಪ್ತಾನನಿಗೆ ಕೆಲಸ ಕೊಡುವವರಿರಲಿಲ್ಲ. ಪರಿಚಯದ ಕಪ್ತಾನನೊಬ್ಬ ಅವನಿಗೆ ಕೊಟ್ಟದ್ದು ಹೊಲವೊಂದರಲ್ಲಿ ಲಡ್ಡು ಹಿಡಿದು ಬಿದ್ದಿದ್ದ, ಸಿಂಪಿ ಹಿಡಿಯುವ ಹಳೆಯ ದೋಣಿ. ಅದನ್ನು ಹಲಗೆ ಹಲಗೆಯಾಗಿ ಬದಲಿಸಿ ಹೊಸದಾಗಿ ಕಟ್ಟಲು ಹದಿಮೂರು ತಿಂಗಳು ಹಿಡಿಯಿತು, ಸಾಮಗ್ರಿಗೆ 553 ಡಾಲರ್ 62 ಸೆಂಟ್ ಖರ್ಚಾಯಿತು. ಆ ಸೆಂಟುಗಳನ್ನೂ ಅವನು ಬರೆದಿಟ್ಟಿದ್ದಾನೆ. ‘ಸ್ಪ್ರೇ’ ಎಂಬ ಆ ದೋಣಿಯಲ್ಲಿ 1895ರ ಏಪ್ರಿಲ್ 24ರಂದು ಬಾಸ್ಟನ್ ಬಿಟ್ಟವನು ಸುಮಾರು 46,000 ಮೈಲು ಸಾಗಿ 1898ರ ಜೂನ್ 27ರಂದು ನ್ಯೂಪೋರ್ಟ್ ತಲುಪಿದ. ನಡುವೆ ಸಿಕ್ಕಿದ ಊರುಗಳಲ್ಲಿ ಉಪನ್ಯಾಸ ಕೊಟ್ಟು ಕಾಸು ಕೂಡಿಸಿದ. ಮೆಗೆಲ್ಲನ್ ಜಲಸಂಧಿಯಲ್ಲಿ, ಒಡೆದ ಹಡಗೊಂದರಿಂದ ತೇಲಿಬಂದ ಕೊಬ್ಬಿನ ಪೀಪಾಯಿಗಳನ್ನು ಎತ್ತಿಟ್ಟುಕೊಂಡು ಮುಂದೆ ಮಾರಿದ. ದುಡಿಮೆಯೊಂದು ಸತ್ತುಹೋದಾಗ ತನಗೆ ಗೊತ್ತಿದ್ದ ಕೆಲಸವನ್ನು ಬಿಡದೆ ಬದುಕುವ ದಾರಿ ಹುಡುಕಿದ ಮನುಷ್ಯ ಅವನು. ಈ ಪ್ರಯಾಣದ ಬಗ್ಗೆ ಅವನು ಬರೆದ ಪುಸ್ತಕದಲ್ಲಿ ನನಗೆ ಎದ್ದು ಕಾಣುವುದು ಈ ದುಡಿಮೆಯೇ.

ದೋಣಿಯ ದಿನವೊಂದನ್ನು ಹತ್ತಿರದಿಂದ ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಹಗ್ಗವೊಂದು ರಾಟೆಯ ಮೇಲೆ ಒಂದೇ ಜಾಗದಲ್ಲಿ ಹಗಲಿರುಳು ಉಜ್ಜಿದರೆ ಸವೆದು ಹರಿಯುತ್ತದೆ. ಹಾಗಾಗದಂತೆ ಅದನ್ನು ಆಗಾಗ ಕೆಲವು ಬೆರಳಷ್ಟು ಎಳೆದು ಉಜ್ಜುವ ಜಾಗ ಬದಲಿಸಬೇಕು. ಹಾಯಿಕಂಬವನ್ನು ಹಿಡಿದಿಟ್ಟ ಉಕ್ಕಿನ ತಂತಿಯ ಎಳೆ ಒಳಗೊಳಗೇ ತುಂಡಾಗುವುದು ತಂತಿ ಕೊಂಡಿಗೆ ಸೇರುವ ಜಾಗದಲ್ಲಿ, ಕಣ್ಣಿಗೆ ಬೀಳದಂತೆ. ಬೆರಳಿನಿಂದ ಸವರಿ ನೋಡಬೇಕು, ಚುಚ್ಚಿದರೆ ಅಲ್ಲೊಂದು ಎಳೆ ಹೋಗಿದೆ ಎಂದರ್ಥ. ದೋಣಿಯ ತಳಕ್ಕೆ ಪಾಚಿ, ಚಿಪ್ಪಿನ ಜೀವಿಗಳು ಹತ್ತಿಕೊಳ್ಳುತ್ತವೆ. ವರ್ಷಕ್ಕೊಮ್ಮೆ, ಎರಡು ವರ್ಷಕ್ಕೊಮ್ಮೆ ನೀರಿನಿಂದ ಮೇಲೆತ್ತಿ ಕೆರೆದು ಬಣ್ಣ ಬಳಿಯಬೇಕು. ಇಬ್ಬರೇ ಇದ್ದರೆ ರಾತ್ರಿಯನ್ನು ಮೂರು ಮೂರು ತಾಸಿನ ಪಾಳಿಯಾಗಿ ಹಂಚಿಕೊಳ್ಳಬೇಕು, ಪಾಳಿಯವರು ಹತ್ತು ಹದಿನೈದು ನಿಮಿಷಕ್ಕೊಮ್ಮೆ ಎದ್ದು ಸುತ್ತಲೂ ಕಣ್ಣು ಹಾಯಿಸಬೇಕು. ದಿಗಂತದಲ್ಲಿ ಚುಕ್ಕಿಯಂತೆ ಕಂಡ ಸರಕು ಹಡಗು ಇಪ್ಪತ್ತು ನಿಮಿಷದಲ್ಲಿ ಮೈಮೇಲೆ ಬಂದಿರುತ್ತದೆ. ಕುಡಿಯುವ ನೀರನ್ನು ಲೀಟರು ಲೀಟರಾಗಿ ಲೆಕ್ಕ ಹಾಕಬೇಕು, ಮಳೆ ಬಂದರೆ ಬಟ್ಟೆ ಕಟ್ಟಿ ಹಿಡಿಯಬೇಕು. ಈ ಯಾವುದೂ ವಿಡಿಯೊದ ಹತ್ತು ನಿಮಿಷದಲ್ಲಿ ಮೈಗೆ ತಾಗುವಂಥದ್ದಲ್ಲ.

ಲಿನ್ ಮತ್ತು ಲ್ಯಾರಿ ಪಾರ್ಡೆ ಎಂಬ ದಂಪತಿ ಎಂಜಿನ್ನೇ ಇಲ್ಲದ, ತಾವೇ ಕಟ್ಟಿದ ಪುಟ್ಟ ದೋಣಿಗಳಲ್ಲಿ ದಶಕಗಳ ಕಾಲ ಬದುಕಿದರು. ಮೊದಲ ದೋಣಿ ‘ಸೆರಾಫಿನ್’ನ ಉದ್ದ ಕೇವಲ 24 ಅಡಿ ಚಿಲ್ಲರೆ. ಚಿಕ್ಕದಾಗಿ, ಸರಳವಾಗಿ, ತಡಮಾಡದೆ ಹೊರಡಿ ಎಂದು ಅವರು ಓದುಗರಿಗೆ ಹೇಳುತ್ತ ಬಂದರು. ಆದರೆ ಅವರ ಬದುಕು ನಡೆದದ್ದು ಬಂದರು ಬಂದರುಗಳಲ್ಲಿ ಇತರರ ದೋಣಿ ರಿಪೇರಿ ಮಾಡಿ, ಯಾರದೋ ದೋಣಿಯನ್ನು ಇನ್ನೊಂದು ಊರಿಗೆ ತಲುಪಿಸಿ, ಪತ್ರಿಕೆಗಳಿಗೆ ಬರೆದು. ಬಡಗಿಯ ಕೈ ಮತ್ತು ಬರಹಗಾರ್ತಿಯ ಕೈ ಎರಡೂ ಇದ್ದವರಿಗೆ ಸಾಧ್ಯವಾದ ಸರಳತೆ ಅದು. ಅವರನ್ನು ಮೆಚ್ಚುವವರು ಮೊದಲು ಮೆಚ್ಚಬೇಕಾದದ್ದು ಅವರ ಉಳಿ ಮತ್ತು ತೋಪಡಾ ಹಿಡಿದ ವರ್ಷಗಳನ್ನು.

ಇನ್ನು ಒಂಟಿತನ. ನಮ್ಮ ನೌಕಾಪಡೆಯ ಅಭಿಲಾಷ್ ಟೋಮಿ 2012ರ ನವೆಂಬರ್ 1ರಂದು ಮುಂಬೈ ಬಿಟ್ಟು ಎಲ್ಲೂ ನಿಲ್ಲದೆ ಭೂಮಿ ಸುತ್ತಿ 2013ರ ಮಾರ್ಚ್ 31ರಂದು ಮರಳಿದರು. ಹಾಗೆ ಮಾಡಿದ ಮೊದಲ ಭಾರತೀಯ ಅವರು. ಐದು ವರ್ಷದ ಬಳಿಕ ಗೋವಾದಲ್ಲಿ ಕಟ್ಟಿದ ‘ಥುರಿಯಾ’ ಎಂಬ ದೋಣಿಯಲ್ಲಿ, ಒಂಟಿಯಾಗಿ ಎಲ್ಲೂ ನಿಲ್ಲದೆ ಭೂಮಿ ಸುತ್ತುವ ಗೋಲ್ಡನ್ ಗ್ಲೋಬ್ ಸ್ಪರ್ಧೆಗೆ ಇಳಿದರು. ಥುರಿಯಾಕ್ಕೆ ಮಾದರಿಯಾದದ್ದು 1960ರ ದಶಕದಲ್ಲಿ ಮುಂಬೈಯಲ್ಲೇ ತೇಗದ ಮರದಲ್ಲಿ ಕಟ್ಟಿದ ‘ಸುಹೇಲಿ’. ಆ ದೋಣಿಯಲ್ಲಿ ರಾಬಿನ್ ನಾಕ್ಸ್-ಜಾನ್‌ಸ್ಟನ್ 1969ರಲ್ಲಿ ಎಲ್ಲೂ ನಿಲ್ಲದೆ ಒಂಟಿಯಾಗಿ ಭೂಮಿ ಸುತ್ತಿದ ಮೊದಲಿಗರಾದರು. 2018ರ ಸೆಪ್ಟೆಂಬರ್ 21ರಂದು ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಯಲ್ಲಿ ಥುರಿಯಾದ ಹಾಯಿಕಂಬ ಮುರಿಯಿತು, ಟೋಮಿಯವರ ಬೆನ್ನುಮೂಳೆ ಮುರಿಯಿತು. ಅಲುಗಾಡಲಾಗದೆ ಮಲಗಿದ್ದ ಅವರನ್ನು ಮೂರು ದಿನಗಳ ಬಳಿಕ ಎತ್ತಿಕೊಂಡದ್ದು ‘ಒಸಿರಿಸ್’ ಎಂಬ ಫ್ರಾನ್ಸಿನ ಮೀನುಗಾರಿಕೆ ಕಾವಲು ಹಡಗು. ಮತ್ತೆ ನಡೆಯಲು ಕಲಿತು, 2022ರ ಸ್ಪರ್ಧೆಗೆ ಮರಳಿ ಅವರು ಎರಡನೆಯವರಾಗಿ ಬಂದರು. ಅದೇ ಸ್ಪರ್ಧೆಯನ್ನು ಗೆದ್ದ ದಕ್ಷಿಣ ಆಫ್ರಿಕಾದ ಕರ್ಸ್ಟನ್ ನಾಯ್‌ಶೇಫರ್ ನಡುದಾರಿಯಲ್ಲಿ ತಮ್ಮ ಓಟ ಬಿಟ್ಟು, ದೋಣಿ ಮುಳುಗಿ ರಬ್ಬರ್ ತೆಪ್ಪದಲ್ಲಿ ತೇಲುತ್ತಿದ್ದ ಫಿನ್ಲೆಂಡಿನ ಸಹಸ್ಪರ್ಧಿಯತ್ತ ರಾತ್ರಿಯಿಡೀ ಚುಕ್ಕಾಣಿ ಹಿಡಿದು ಹೋಗಿ ಅವರನ್ನು ಉಳಿಸಿದರು. ಒಂಟಿ ಸ್ಪರ್ಧೆ ಎಂದು ಕರೆಯುವ ಇದರಲ್ಲೂ ಯಾರೂ ಒಂಟಿಯಲ್ಲ. ಸಂಕಟದಲ್ಲಿರುವವರ ಕಡೆಗೆ ಹಡಗು ತಿರುಗಿಸಬೇಕೆಂಬುದು ಕಡಲಿನ ಅತಿ ಹಳೆಯ ಕಟ್ಟಳೆ, ಈಗ ಅಂತರರಾಷ್ಟ್ರೀಯ ಕಾನೂನು ಕೂಡ. ನೆಲದಿಂದ ದೂರ ಹೋದಷ್ಟೂ ಮನುಷ್ಯ ಮನುಷ್ಯನಿಗೆ ಕೊಡಬೇಕಾದದ್ದು ಹೆಚ್ಚುತ್ತದೆ.

ಮನುಷ್ಯರಾದರೋ ಒಪ್ಪಿ ಹೊರಟವರು. ಪ್ರಾಣಿಯನ್ನು ಯಾರೂ ಕೇಳಿಲ್ಲ. ದೋಣಿಯಲ್ಲಿ ಇಷ್ಟವಿಲ್ಲದೆಯೂ ಇರಬಲ್ಲ ಒಂದೇ ಜೀವ ಅದು. ಆದ್ದರಿಂದ ಅಲೆಮಾರಿಯ ನ್ಯಾಯಬುದ್ಧಿಯನ್ನು ಅಳೆಯಲು ಅದಕ್ಕಿಂತ ಒಳ್ಳೆಯ ಅಳತೆಗೋಲು ನನಗೆ ಕಂಡಿಲ್ಲ. ಕಡಲ ಪುಸ್ತಕಗಳಲ್ಲಿ ಪ್ರಾಣಿಗಳಿಗೆ ಕೊರತೆಯಿಲ್ಲ. ಸ್ಲೋಕಮ್‌ಗೆ ಸೇಂಟ್ ಹೆಲೆನಾ ದ್ವೀಪದಲ್ಲಿ ಯಾರೋ ಆಡೊಂದನ್ನು ಕೊಟ್ಟರು. ಅದು ಹಗ್ಗ ಕಡಿಯಿತು, ವೆಸ್ಟ್ ಇಂಡೀಸ್‌ನ ನಕ್ಷೆಯನ್ನು ತಿಂದುಹಾಕಿತು. ಅವನು ಅದನ್ನು ಅಸೆನ್ಶನ್ ದ್ವೀಪದಲ್ಲಿ ದಡಕ್ಕಿಳಿಸಿ ಮುಂದೆ ಹೋದ. ಓದುಗರು ಈ ಪ್ರಸಂಗವನ್ನು ನಗುತ್ತ ಓದುತ್ತಾರೆ. ಆಡಿಗೆ ಒಗ್ಗದ ಜಾಗವೆಂದು ಗೊತ್ತಾದ ಕೂಡಲೇ ನೆಲ ಕಾಣಿಸಿದ್ದು ಸರಿಯಾದ ಕೆಲಸ ಎಂದೇ ನನ್ನ ಎಣಿಕೆ. ನಾರ್ವೆಯ ಲೇಖಕ ಎರ್ಲಿಂಗ್ ಟಾಂಬ್ಸ್ 1928ರಲ್ಲಿ ಹೆಂಡತಿ ಮತ್ತು ನಾಯಿಯೊಂದಿಗೆ ‘ಟೆಡ್ಡಿ’ ಎಂಬ ಹಳೆಯ ದೋಣಿಯಲ್ಲಿ ಹೊರಟ. ದಾರಿಯಲ್ಲೇ ಮಕ್ಕಳು ಹುಟ್ಟಿದರು. 1932ರಲ್ಲಿ ನ್ಯೂಜಿಲೆಂಡಿನ ಕವಾವು ದ್ವೀಪದ ಬಳಿ ಟೆಡ್ಡಿ ಬಂಡೆಗೆ ಬಡಿದು ನುಚ್ಚುನೂರಾಯಿತು, ಸಂಸಾರ ಬದುಕಿ ಉಳಿಯಿತು. ಹದಿನಾರರ ಹುಡುಗ ರಾಬಿನ್ ಲೀ ಗ್ರಹಾಂ 1965ರಲ್ಲಿ ಕ್ಯಾಲಿಫೋರ್ನಿಯಾ ಬಿಟ್ಟಾಗ 24 ಅಡಿಯ ದೋಣಿಯಲ್ಲಿ ಅವನ ಜತೆಗಿದ್ದದ್ದು ಎರಡು ಬೆಕ್ಕಿನ ಮರಿ. ಇತ್ತೀಚೆಗೆ ಫ್ರಾನ್ಸಿನ ಬ್ರಿಟನಿಯ ಯುವಕ ಗಿರೆಕ್ ಸೂದೆ ಮೊನಿಕ್ ಎಂಬ ಕೋಳಿಯೊಂದಿಗೆ ಗ್ರೀನ್‌ಲೆಂಡಿನ ಹೆಪ್ಪುಗಟ್ಟಿದ ಕಡಲಲ್ಲಿ ಒಂದು ಚಳಿಗಾಲ ಕಳೆದ. ಹಿಮದ ನಡುವೆ ಅದು ನೂರಕ್ಕೂ ಹೆಚ್ಚು ಮೊಟ್ಟೆ ಇಟ್ಟಿತು.

ಇವುಗಳ ನಡುವೆ ನನ್ನನ್ನು ಬಿಡದೆ ಕಾಡುವುದು ಮಿಸೆಸ್ ಚಿಪ್ಪಿ. ಅಂಟಾರ್ಕ್ಟಿಕ ಯಾತ್ರೆಯ ನಾಯಕ ಶ್ಯಾಕಲ್ಟನ್‌ನ ‘ಎಂಡ್ಯೂರೆನ್ಸ್’ ಹಡಗಿನ ಬಡಗಿ ಹ್ಯಾರಿ ಮ್ಯಾಕ್ನಿಶ್ ತಂದಿದ್ದ ಗಂಡು ಬೆಕ್ಕು ಅದು. ಬಡಗಿಯನ್ನು ಬಿಟ್ಟಿರದೆ ಅವನ ಹಿಂದೆಯೇ ಸುತ್ತುತ್ತಿದ್ದುದರಿಂದ ಹೆಣ್ಣು ಹೆಸರು ಬಂತು. 1915ರ ಅಕ್ಟೋಬರಿನಲ್ಲಿ ಅಂಟಾರ್ಕ್ಟಿಕದ ಹಿಮ ಹಡಗನ್ನು ಹಿಸುಕಿ ಒಡೆದಾಗ, ಇನ್ನು ಮಂಜಿನ ಮೇಲೆ ನಡೆಯಬೇಕು, ದುರ್ಬಲ ಪ್ರಾಣಿಗಳನ್ನು ಸಾಕಲಾಗದು ಎಂದು ಶ್ಯಾಕಲ್ಟನ್ ತೀರ್ಮಾನಿಸಿದ. ಕೆಲವು ನಾಯಿಮರಿಗಳೊಂದಿಗೆ ಬೆಕ್ಕನ್ನೂ ಗುಂಡಿಟ್ಟು ಕೊಂದರು. ಮ್ಯಾಕ್ನಿಶ್ ಅದನ್ನು ಕೊನೆಯವರೆಗೂ ಕ್ಷಮಿಸಲಿಲ್ಲ. ಅದೇ ಮ್ಯಾಕ್ನಿಶ್ ಮುಂದೆ ‘ಜೇಮ್ಸ್ ಕೇರ್ಡ್’ ಎಂಬ ಚಿಕ್ಕ ದೋಣಿಯ ಅಂಚು ಎತ್ತರಿಸಿ, ಮೇಲುಹೊದಿಕೆ ಹಾಕಿ ಮಹಾಸಾಗರ ದಾಟುವಂತೆ ಮಾಡಿದ. ಆ ದೋಣಿಯಿಂದಲೇ ಎಲ್ಲರ ಜೀವ ಉಳಿಯಿತು. ಆದರೂ ತಂಡದ ಹೆಚ್ಚಿನವರಿಗೆ ಸಿಕ್ಕ ಪೋಲಾರ್ ಪದಕ ಅವನಿಗೆ ಸಿಗಲಿಲ್ಲ. 2004ರಲ್ಲಿ ವೆಲಿಂಗ್ಟನ್‌ನ ಸ್ಮಶಾನದಲ್ಲಿ ಅವನ ಸಮಾಧಿಯ ಮೇಲೆ ಆ ಬೆಕ್ಕಿನ ಕಂಚಿನ ಮೂರ್ತಿ ಇಟ್ಟರು. ಶ್ಯಾಕಲ್ಟನ್‌ನ ತೀರ್ಮಾನ ತಪ್ಪೆಂದು ನಾನು ಹೇಳಲಾರೆ. ಆಹಾರವೇ ಇಲ್ಲದ ಮಂಜಿನಲ್ಲಿ ಬೆಕ್ಕು ಹಸಿದು ಸಾಯುತ್ತಿತ್ತು. ಆದರೆ ಅದು ತಾನಾಗಿ ಬಂದದ್ದಲ್ಲ, ಮನುಷ್ಯರ ಹೆಬ್ಬಯಕೆಯ ಕೊನೆಯ ಲೆಕ್ಕವನ್ನು ಅದು ತೀರಿಸಬೇಕಾಯಿತು. ಮ್ಯಾಕ್ನಿಶ್‌ನ ಸಿಟ್ಟು ಸೆಂಟಿಮೆಂಟಲ್ ಎಂದು ತಳ್ಳಿಹಾಕುವವರು ಈ ಅನ್ಯಾಯವನ್ನು ಕಾಣದವರು.

ಹಾಗಾದರೆ ಪ್ರಾಣಿಯನ್ನು ದೋಣಿಗೆ ಹತ್ತಿಸಲೇಬಾರದೆ? ಈ ವಾದ ಮಾಡುವವರಿದ್ದಾರೆ, ಅದರಲ್ಲಿ ತೂಕವಿದೆ. ದೋಣಿ ಓಲಾಡುತ್ತದೆ, ನಾಯಿಗೆ ಓಡಲು ಜಾಗವಿಲ್ಲ, ವೈದ್ಯರು ದೂರ. ಆದರೆ ಹೋಲಿಸಬೇಕಾದದ್ದು ಯಾವುದಕ್ಕೆ? ಬೆಂಗಳೂರಿನ ಹನ್ನೆರಡನೆಯ ಮಹಡಿಯ ಫ್ಲ್ಯಾಟಿನಲ್ಲಿ ಮನೆಯವರು ಬೆಳಿಗ್ಗೆ ಎಂಟಕ್ಕೆ ಬಾಗಿಲು ಹಾಕಿ ಹೋದರೆ ರಾತ್ರಿ ಎಂಟರವರೆಗೆ ಬಾಲ್ಕನಿಯ ಸರಳುಗಳ ನಡುವೆ ಮೂತಿ ತೂರಿಸಿ ಕಾಯುವ ಲ್ಯಾಬ್ರಡಾರಿಗೆ ನೆಲ ಇದ್ದೂ ಇಲ್ಲ. ದೋಣಿಯ ನಾಯಿಗೆ ತನ್ನವರು ಇಪ್ಪತ್ತನಾಲ್ಕು ಗಂಟೆಯೂ ಕಣ್ಣೆದುರಿಗಿರುತ್ತಾರೆ. ನಾಯಿ ಎಂಬ ಜೀವಕ್ಕೆ ಇದು ಸಣ್ಣ ಸಂಗತಿಯಲ್ಲ. ಬೆಕ್ಕು ಇನ್ನೂ ಸುಲಭವಾಗಿ ಒಗ್ಗುತ್ತದೆ. ಪ್ರಶ್ನೆ ದೋಣಿಯದೋ ಫ್ಲ್ಯಾಟಿನದೋ ಅಲ್ಲ, ಆ ಜೀವಕ್ಕಾಗಿ ನೀವು ನಿಮ್ಮ ದಾರಿಯನ್ನು ಎಷ್ಟು ಬದಲಿಸಬಲ್ಲಿರಿ ಎಂಬುದು. ಬಲ್ಲ ನಾವಿಕರು ದೋಣಿಯ ಅಂಚಿನ ತಂತಿಗಳ ಉದ್ದಕ್ಕೂ ಬಲೆ ಕಟ್ಟುತ್ತಾರೆ. ಲಂಗರು ಹಾಕಿದ್ದಾಗ ಹಿಂಬದಿಯಿಂದ ಒರಟು ಜಮಖಾನದ ಚೂರೊಂದನ್ನು ನೀರಿಗೆ ಇಳಿಬಿಟ್ಟಿರುತ್ತಾರೆ. ಕತ್ತಲಲ್ಲಿ ಬಿದ್ದ ಬೆಕ್ಕು ಅದಕ್ಕೆ ಉಗುರು ಹೂಡಿ ಹತ್ತಿ ಬರುತ್ತದೆ. ನಾಯಿಗೆ ಮುಂಭಾಗದಲ್ಲಿ ಹುಲ್ಲಿನಂಥ ಚಾಪೆ ಹಾಸಿ ಅಲ್ಲೇ ದೇಹಬಾಧೆ ತೀರಿಸಲು ದಡದಲ್ಲಿರುವಾಗಲೇ ವಾರಗಟ್ಟಲೆ ಅಭ್ಯಾಸ ಮಾಡಿಸುತ್ತಾರೆ. ಇಷ್ಟನ್ನು ಮಾಡದೆ ಹೊರಟವರ ಪ್ರೀತಿಯಲ್ಲಿ ನನಗೆ ನಂಬಿಕೆಯಿಲ್ಲ. ಇನ್ನೊಂದು ಮಾತು: ಬೆಕ್ಕು ಹದಿನೈದು ವರ್ಷ ಬದುಕಬಲ್ಲದು. ಎರಡು ವರ್ಷದ ಪ್ರಯಾಣಕ್ಕೆ ಬೆಕ್ಕು ಸಾಕುವವರು ಉಳಿದ ಹದಿಮೂರು ವರ್ಷಗಳನ್ನೂ ಅದಕ್ಕೆ ಕೊಡಲು ಸಿದ್ಧರಿರಬೇಕು.

ಪ್ರಾಣಿಯೊಂದಿಗೆ ಹೊರಟವರಿಗೆ ಗಡಿ ಇದೆ, ಕಾಗದವಿದೆ. ಅಲೆಮಾರಿ ಬರಹಗಾರರು ಕ್ವಾರಂಟೈನ್ ನಿಯಮಗಳನ್ನು ದೂರದೆ ಬಿಡುವುದಿಲ್ಲ, ನಾನು ನಿಯಮಗಳ ಪಕ್ಷ. ರೇಬಿಸ್ ಇಲ್ಲದ ನ್ಯೂಜಿಲೆಂಡ್, ಆಸ್ಟ್ರೇಲಿಯಾ, ಹವಾಯಿಯಂಥ ನೆಲಗಳು ತಮ್ಮ ಅದೃಷ್ಟವನ್ನು ಕಾಯ್ದುಕೊಳ್ಳುವುದು ಬಂದ ದೋಣಿಯ ನಾಯಿಯನ್ನು ಸುಮ್ಮನೆ ದಡಕ್ಕಿಳಿಯಗೊಡದೆ. ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವವರು ಇಲ್ಲವೆನ್ನುವಷ್ಟು ಕಡಿಮೆ. ಜಗತ್ತಿನಲ್ಲಿ ಆ ರೋಗದಿಂದ ಸಾಯುವವರಲ್ಲಿ ಮೂರರಲ್ಲೊಂದು ಪಾಲು ಭಾರತದವರು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಇದು ಗೊತ್ತಿರುವ ನಾವು ಆ ದ್ವೀಪಗಳ ಎಚ್ಚರವನ್ನು ಬೇರೆಯವರಿಗಿಂತ ಚೆನ್ನಾಗಿ ಅರ್ಥ ಮಾಡಿಕೊಳ್ಳಬೇಕು. ಬೆಂಗಳೂರಿನಿಂದ ಜರ್ಮನಿಗೋ ನೆದರ್‌ಲೆಂಡ್ಸ್‌ಗೋ ಕೆಲಸಕ್ಕೆ ಹೋಗುವ ಕನ್ನಡಿಗರು ತಮ್ಮ ನಾಯಿಯನ್ನು ಕರೆದೊಯ್ಯಬೇಕಾದರೆ ಮೊದಲು ಮೈಕ್ರೋಚಿಪ್ ಹಾಕಿಸಬೇಕು, ಆಮೇಲೆ ರೇಬಿಸ್ ಲಸಿಕೆ, ಕನಿಷ್ಠ ಮೂವತ್ತು ದಿನಗಳ ಬಳಿಕ ರಕ್ತಪರೀಕ್ಷೆ, ಪ್ರತಿಕಾಯ ಸಾಕಷ್ಟಿದ್ದರೆ ಆ ರಕ್ತ ತೆಗೆದ ದಿನದಿಂದ ಮೂರು ತಿಂಗಳ ಕಾಯುವಿಕೆ. ಆಫರ್ ಲೆಟರ್ ಬಂದ ಮೇಲೆ ಈ ಲೆಕ್ಕ ಶುರುಮಾಡಿದವರು ನಾಯಿಯನ್ನು ಅಪ್ಪ ಅಮ್ಮನ ಮನೆಯಲ್ಲಿ ಬಿಟ್ಟು ಹೋಗುತ್ತಾರೆ, ಎಷ್ಟೋ ಸಲ ಅದು ಅಲ್ಲೇ ಉಳಿದುಬಿಡುತ್ತದೆ. ನಿಯಮವನ್ನು ದೂರುವುದಕ್ಕಿಂತ ಆರು ತಿಂಗಳು ಮೊದಲೇ ಚಿಪ್ ಹಾಕಿಸುವುದು ನಾಯಿಗೆ ಉಪಕಾರ.

ಇನ್ನು ಬರಹ. ಹಡಗಿನಲ್ಲಿ ಮೊದಲು ಬರೆಯುವುದು ಲಾಗ್‌ಬುಕ್. ಪಾಳಿ ಮುಗಿಯುವಾಗ ಗಂಟೆ, ದಿಕ್ಕು, ಸಾಗಿದ ಮೈಲು, ಗಾಳಿ, ವಾಯುಭಾರ, ಏರಿಸಿದ ಇಳಿಸಿದ ಹಾಯಿ ಇಷ್ಟನ್ನು ಬರೆದಿಡಬೇಕು. ಅಲ್ಲಿ ಮನಸ್ಸಿನ ಮಾತಿಗೆ ಜಾಗವಿಲ್ಲ. ಜಿಪಿಎಸ್ ಇಲ್ಲದ ಕಾಲದಲ್ಲಿ, ಸೂರ್ಯ ನಕ್ಷತ್ರ ಕಾಣದ ದಿನಗಳಲ್ಲಿ, ತಾವಿರುವ ಜಾಗ ಗೊತ್ತಾಗುತ್ತಿದ್ದದ್ದು ಹಿಂದಿನ ಸಾಲುಗಳನ್ನು ಕೂಡಿಸಿ. ಒಂದು ಸಾಲು ಸುಳ್ಳಾದರೆ ಮುಂದಿನದೆಲ್ಲ ಸುಳ್ಳು, ಕೊನೆಗೆ ಬಂಡೆ. ಸತ್ಯ ಹೇಳುವುದು ಬದುಕುವುದಕ್ಕೆ ಇಷ್ಟು ನೇರವಾಗಿ ಅಂಟಿಕೊಂಡಿರುವ ಬರಹದ ಪ್ರಕಾರ ಬೇರೊಂದಿಲ್ಲ.

1968ರ ಗೋಲ್ಡನ್ ಗ್ಲೋಬ್ ಸ್ಪರ್ಧೆಯಲ್ಲಿ ಬರಹಕ್ಕೂ ಬದುಕಿಗೂ ಇರುವ ಈ ನಂಟು ಇಬ್ಬರಲ್ಲಿ ಎರಡು ಬಗೆಯಾಗಿ ಕಂಡಿತು. ಡೊನಾಲ್ಡ್ ಕ್ರೋಹರ್ಸ್ಟ್ ಸಿದ್ಧವಾಗದ ದೋಣಿಯಲ್ಲಿ, ಸಾಲದ ಹೊರೆಯಲ್ಲಿ ಹೊರಟ. ದಕ್ಷಿಣ ಸಾಗರಕ್ಕೆ ಹೋದರೆ ಸಾವು, ಮರಳಿದರೆ ದಿವಾಳಿ. ಅವನು ಅಟ್ಲಾಂಟಿಕ್‌ನಲ್ಲೇ ಸುತ್ತಾಡುತ್ತ, ಭೂಮಿ ಸುತ್ತುತ್ತಿರುವಂತೆ ಸುಳ್ಳು ಸ್ಥಾನಗಳನ್ನು ರೇಡಿಯೊದಲ್ಲಿ ಕಳಿಸಿದ. ನಿಜವಾದ ಸ್ಥಾನಗಳು ಅವನ ಲಾಗ್‌ನಲ್ಲಿದ್ದವು. ಜಗತ್ತು ನಂಬಿದ ಪ್ರಯಾಣ ಮತ್ತು ನಡೆದ ಪ್ರಯಾಣದ ನಡುವೆ ಸಿಕ್ಕ ಮನಸ್ಸು ಮುರಿಯಿತು. 1969ರ ಜುಲೈ 10ರಂದು ಅವನ ದೋಣಿ ಖಾಲಿಯಾಗಿ ತೇಲುತ್ತಿದ್ದದ್ದು ಸಿಕ್ಕಿತು, ಅವನು ಸಿಗಲಿಲ್ಲ. ಅವನನ್ನು ಮೋಸಗಾರನೆಂದು ಕರೆದು ಮುಗಿಸುವುದು ನನಗೆ ಸಮ್ಮತವಿಲ್ಲ. ಪ್ರಾಯೋಜಕರಿಗೆ, ಪತ್ರಿಕೆಗಳಿಗೆ ಬೇಕಾದ ಕಥೆಯನ್ನು ಮೊದಲೇ ಮಾರಿ, ಅದಕ್ಕೆ ತಕ್ಕ ಬದುಕನ್ನು ಆಮೇಲೆ ಹೊಂದಿಸಲು ಹೊರಟ ಮನುಷ್ಯ ಅವನು. ಅದೇ ಸ್ಪರ್ಧೆಯಲ್ಲಿದ್ದ ಫ್ರಾನ್ಸಿನ ಬರ್ನಾರ್ ಮ್ವಾತೆಸಿಯೆ, ಗೆಲ್ಲುವ ಸಾಧ್ಯತೆ ಇದ್ದಾಗಲೇ, ಇಂಗ್ಲೆಂಡಿನತ್ತ ತಿರುಗದೆ ಮತ್ತೆ ಪೂರ್ವಕ್ಕೆ ಹಾಯಿ ಕಟ್ಟಿ ತಾಹಿತಿಗೆ ಹೋದ. ಆ ನಿರ್ಧಾರ ತಿಳಿಸುವ ಚೀಟಿಯನ್ನು ಎದುರಾದ ಹಡಗಿನ ಮೇಲೆ ಕವಣೆಯಿಂದ ಎಸೆದ. ಅವನ ಪುಸ್ತಕ ಬಂದದ್ದು 1971ರಲ್ಲಿ. ಅಲೆದಾಟಕ್ಕಷ್ಟೇ ಅವನನ್ನು ದೇವರಾಗಿಸಿದವರು ತಾಹಿತಿಯಲ್ಲಿ ಅವನು ಲಂಗರು ಹಾಕಿ, ಕೂತು, ಬರೆದ ಕಾಲವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಸ್ಲೋಕಮ್ ಕೂಡ ಮರಳಿ ಬಂದ ಮೇಲೆಯೇ ತನ್ನ ಪುಸ್ತಕ ಬರೆದದ್ದು. ಬರೆಯಲು ನಿಲ್ಲಬೇಕು. ಸಾಗುತ್ತಲೇ ದಿನವೂ ಜಗತ್ತಿಗೆ ತೋರಿಸುವ ಈಗಿನ ಅಭ್ಯಾಸದಲ್ಲಿ ನನಗೆ ಕಾಣುವ ಅಪಾಯ ಇದೇ: ಗಾಳಿಯ ಬದಲು ನೋಡುಗರ ಸಂಖ್ಯೆ ದೋಣಿಯ ದಿಕ್ಕು ನಿರ್ಧರಿಸುತ್ತದೆ, ಜತೆಗಿರುವ ಬೆಕ್ಕು ಕ್ಯಾಮೆರಾದ ಪಾತ್ರವಾಗುತ್ತದೆ. ಬೆಕ್ಕಿನ ಮರಿಗಳೊಂದಿಗೆ ಹೊರಟಿದ್ದ ಹುಡುಗ ಗ್ರಹಾಂನ ಕಥೆ ಪ್ರಯಾಣ ನಡೆಯುತ್ತಿರುವಾಗಲೇ ‘ನ್ಯಾಷನಲ್ ಜಿಯಾಗ್ರಫಿಕ್’ನಲ್ಲಿ ಬರತೊಡಗಿತ್ತು. ನಡುವೆ ಬೇಸತ್ತು ನಿಲ್ಲಿಸಲು ಬಯಸಿದರೂ ಅವನಿಗೆ ನಿಲ್ಲಿಸುವುದು ಸುಲಭವಾಗಲಿಲ್ಲ.

ಅಲೆಯುವ ಹಕ್ಕು ಎಲ್ಲರಿಗೂ ಒಂದೇ ಅಲ್ಲ ಎಂಬುದನ್ನೂ ಹೇಳದೆ ಇರಲಾರೆ. ಯುರೋಪಿನ ಪಾಸ್‌ಪೋರ್ಟ್ ಹಿಡಿದ ದಂಪತಿ ಥಾಯ್ಲೆಂಡಿನ ಅಂಡಮಾನ್ ತೀರದಲ್ಲಿ ಲಂಗರು ಹಾಕಿದರೆ ಸಾಹಸಿಗರು. ಅದೇ ಅಂಡಮಾನ್ ಕಡಲಲ್ಲಿ ತಲೆಮಾರುಗಳಿಂದ ‘ಕಬಾಂಗ್’ ದೋಣಿಗಳಲ್ಲಿ ಸಂಸಾರ ಸಮೇತ ಬದುಕಿದ ಮೋಕೆನ್ ಜನರಲ್ಲಿ ಹಲವರಿಗೆ ಯಾವ ದೇಶದ ಪೌರತ್ವವೂ ಇಲ್ಲ. 2004ರ ಸುನಾಮಿಯಲ್ಲಿ ಕಡಲು ಹಿಂದೆ ಸರಿದದ್ದನ್ನು ನೋಡಿದ ಸುರಿನ್ ದ್ವೀಪದ ಮೋಕೆನ್ ಹಿರಿಯರು ಪೂರ್ವಜರ ಕಥೆ ನೆನೆದು ಜನರನ್ನು ಗುಡ್ಡಕ್ಕೆ ಹತ್ತಿಸಿ ಉಳಿಸಿದರು. ಅಂಥ ತಿಳಿವಳಿಕೆ ಉಳ್ಳವರನ್ನು ದಡದ ಗುಡಿಸಲುಗಳಲ್ಲಿ ನೆಲೆ ನಿಲ್ಲಿಸುವುದೇ ಅಭಿವೃದ್ಧಿ ಎನಿಸಿಕೊಂಡಿದೆ. ಮಲೇಷ್ಯಾದ ಸಬಾದಲ್ಲಿ 2024ರ ಜೂನಿನಲ್ಲಿ ಬಜಾವ್ ಕಡಲ ಜನರ ಮನೆಗಳನ್ನು ಅಧಿಕಾರಿಗಳು ಕೆಡವಿದರು. ನಮ್ಮಲ್ಲಿಯೂ ಕುರಿ, ನಾಯಿ, ಕುದುರೆಗಳೊಂದಿಗೆ ಬಯಲುಸೀಮೆಯಿಂದ ಹೊರಟು ತಿಂಗಳುಗಟ್ಟಲೆ ಅ‌ಲೆಯುವ ಕುರಿಗಾಹಿಗಳನ್ನು ಊರಿನವರು ಹೇಗೆ ನೋಡುತ್ತಾರೆ ಎಂಬುದು ತಿಳಿಯದ್ದೇನಲ್ಲ. ಸ್ವಂತ ಇಷ್ಟದಿಂದ ಅಲೆಯುವವರ ಪುಸ್ತಕಗಳನ್ನು ಮೆಚ್ಚುವ ನಾವು, ಕುಲಕಸುಬಾಗಿ ಅಲೆಯುವವರಿಗೆ ಮೇಯಿಸುವ ದಾರಿಯನ್ನೂ ಬಿಟ್ಟುಕೊಡಬೇಕು.

ಕನ್ನಡದಲ್ಲಿ ಪ್ರವಾಸ ಕಥನಗಳು ಸಮೃದ್ಧವಾಗಿವೆ. ನಾನು ಓದಿದ ಮಟ್ಟಿಗೆ ಅವು ಹೆಚ್ಚಾಗಿ ಹೋಗಿ, ನೋಡಿ, ಮರಳಿದವರ ಬರಹಗಳು. ಕಡಲ ಮೇಲೆಯೇ ಬದುಕುವವರ ಪುಸ್ತಕಕ್ಕಾಗಿ ನಾನು ಹುಡುಕುತ್ತಲೇ ಇದ್ದೇನೆ. ಬದುಕುವವರು ಇಲ್ಲವೆಂದಲ್ಲ. ಮಲ್ಪೆ, ಮಂಗಳೂರಿನ ಆಳಸಮುದ್ರದ ಬೋಟುಗಳು ಒಮ್ಮೆ ಹೋದರೆ ಹತ್ತು ದಿನ ದಡ ಕಾಣುವುದಿಲ್ಲ. ಬೋಟು ನಡೆಸುವ ತಾಂಡೇಲ, ಅಡುಗೆಯವ, ಬಲೆ ಎಳೆಯುವವರು ಎಲ್ಲರೂ ಒಂದೇ ಚಿಕ್ಕ ಕ್ಯಾಬಿನಿನಲ್ಲಿ ಮಲಗಿ ಏಳುತ್ತಾರೆ. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೋದ ‘ಸುವರ್ಣ ತ್ರಿಭುಜ’ ಬೋಟು ಏಳು ಮಂದಿಯೊಂದಿಗೆ ಮಹಾರಾಷ್ಟ್ರದ ಕಡಲಲ್ಲಿ ಕಾಣೆಯಾಯಿತು. ಅದರ ಅವಶೇಷ ನೌಕಾಪಡೆಗೆ ಸಿಕ್ಕಿದ್ದು ಮರುವರ್ಷದ ಮೇ ತಿಂಗಳಲ್ಲಿ. ಆ ತಿಂಗಳುಗಳಲ್ಲಿ ಪತ್ರಿಕೆಗಳು ಹುಡುಕಾಟದ ಸುದ್ದಿ ಬರೆದವು. ಆ ಏಳು ಮಂದಿ ಕಡಲಲ್ಲಿ ಹೇಗೆ ಬದುಕುತ್ತಿದ್ದರು, ರಾತ್ರಿ ಪಾಳಿಯಲ್ಲಿ ಏನು ಮಾತಾಡುತ್ತಿದ್ದರು, ಯಾವ ಗಾಳಿಗೆ ಹೆದರುತ್ತಿದ್ದರು ಎಂಬುದು ನಮ್ಮ ಭಾಷೆಯ ಪುಟಗಳಿಗೆ ಬರಲಿಲ್ಲ. ಯುರೋಪಿನ ಒಬ್ಬ ಬಡಗಿಯ ಬೆಕ್ಕಿನ ಬಗ್ಗೆ ನಾನು ಇಷ್ಟು ಬರೆಯಬಲ್ಲೆ, ಮಲ್ಪೆಯ ತಾಂಡೇಲನ ಒಂದು ದಿನದ ಬಗ್ಗೆ ಓದಲು ನನಗೆ ಪುಸ್ತಕವಿಲ್ಲ. ಇದು ನನಗೆ ನೋವಿನ ಸಂಗತಿ.

ಅವರಿಗೆ ಬರೆಯಲು ಬರುವುದಿಲ್ಲ ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಸ್ಲೋಕಮ್‌ನ ಶಾಲೆ ಹತ್ತನೆಯ ವಯಸ್ಸಿಗೆ ಮುಗಿದಿತ್ತು, ಅಪ್ಪ ಅವನನ್ನು ಬೂಟು ಹೊಲಿಯುವ ಕೆಲಸಕ್ಕೆ ಕೂರಿಸಿದ್ದ. ಅಂಥವನ ಕಥೆಯನ್ನು ‘ಸೆಂಚುರಿ’ ಮಾಸಪತ್ರಿಕೆ 1899 ಮತ್ತು 1900ರಲ್ಲಿ ಕಂತುಗಳಲ್ಲಿ ಅಚ್ಚು ಹಾಕಿತು. ಆ ಪುಸ್ತಕ ಇವತ್ತಿಗೂ ಮಾರಾಟವಾಗುತ್ತಿದೆ. ನಮ್ಮ ಪಶ್ಚಿಮ ಕರಾವಳಿಯಲ್ಲಿ ಜೂನ್ ಒಂದರಿಂದ ಜುಲೈ ಕೊನೆಯವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಆ ಎರಡು ತಿಂಗಳು ಬೋಟುಗಳು ದಕ್ಕೆಯಲ್ಲಿ ಸಾಲಾಗಿ ನಿಂತಿರುತ್ತವೆ, ಊರಿಗೆ ಬಂದ ತಾಂಡೇಲರು ಬಲೆ ನೇಯುತ್ತ ದಡದಲ್ಲೇ ಇರುತ್ತಾರೆ. ಕನ್ನಡದ ಸಂಪಾದಕರೊಬ್ಬರು ಆ ಮಳೆಗಾಲದಲ್ಲಿ ಮಲ್ಪೆಗೋ ಗಂಗೊಳ್ಳಿಗೋ ತದಡಿಗೋ ಒಬ್ಬ ತರುಣ ಬರಹಗಾರ್ತಿಯನ್ನು ಕಳಿಸಿ, ಅವರ ಪಕ್ಕದಲ್ಲಿ ಕೂತು ದಿನದ ಲೆಕ್ಕವನ್ನು ಅವರ ಮಾತಿನಲ್ಲೇ ಬರೆಸಿಕೊಳ್ಳಲಿ. ಗಾಳಿ ಯಾವ ಕಡೆಯದು, ಎಷ್ಟು ಮಾರು ಆಳ, ಐಸ್ ಎಷ್ಟು ದಿನ ತಡೆಯಿತು, ಯಾರಿಗೆ ಜ್ವರ ಬಂತು, ಯಾವ ರಾತ್ರಿ ಬಲೆ ಕತ್ತರಿಸಿ ಹಿಂದಿರುಗಬೇಕಾಯಿತು ಎಂಬಲ್ಲಿಂದ ಶುರುಮಾಡಬಹುದು.